ನಾಯಿ ನನ್ನದು ಎಂದು ಬರೆಸಿಕೊಂಡವರು

ಪತ್ರಿಕಾ ಕಚೇರಿಗೆ ತಿದ್ದುಪಡಿ ಕೇಳಿಕೊಂಡು ಬರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಇನಿಷಿಯಲ್ ತಪ್ಪಾಗಿದೆ ಎನ್ನುವವರು, ಫೋಟೋದ ಅಡಿಯಲ್ಲಿ ಎಡ ಬಲ ಅದಲುಬದಲಾಗಿದೆ ಎನ್ನುವವರು, ಆ ಜಗಳದಲ್ಲಿ ತಾನು ಇರಲೇ ಇಲ್ಲ ಎನ್ನುವವರು. ಬಹುಪಾಲು ಜನರ ಬೇಡಿಕೆ ಒಂದೇ: ಈ ವಿಷಯಕ್ಕೂ ನನಗೂ ಸಂಬಂಧವಿಲ್ಲ ಎಂದು ಹಾಕಿ. ಸಂಬಂಧವಿದೆ ಎಂದು ಹಾಕಿ ಎಂದು ಕೇಳಿದವರು ನನ್ನ ಇಡೀ ಸೇವೆಯಲ್ಲಿ ಒಬ್ಬರೇ. ಅವರು ಹೋದ ತಿಂಗಳು ತೀರಿಕೊಂಡರು. ಮಗಳು ಫೋನ್ ಮಾಡಿ ತಿಳಿಸಿದರು. ಪೇಪರಿನಲ್ಲಿ ಹಾಕಿಸುವುದು ಬೇಡ ಎಂದು ಅಪ್ಪ ಮೊದಲೇ ಹೇಳಿದ್ದರು, ನಿಮಗೆ ಮಾತ್ರ ಹೇಳು ಅಂದಿದ್ದರು ಎಂದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟೂಲ್ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಎಲ್ಲರೂ ಅವರನ್ನು ಸ್ಟೋರಣ್ಣ ಎಂದು ಕರೆಯುತ್ತಿದ್ದರು. ಕುಳ್ಳನೆಯ ಆಳು. ಖಾಕಿ ಅಂಗಿಯ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲು, ಎರಡೂ ತುದಿ ಚೂಪು ಮಾಡಿದ ಪೆನ್ಸಿಲು. ಅವರದೊಂದು ಅಭ್ಯಾಸವಿತ್ತು. ಯಾರಿಗಾದರೂ ಏನನ್ನಾದರೂ ಕೊಡುವಾಗ, ತೆಗೆದುಕೊಂಡವರು ಬಾಯಿಬಿಟ್ಟು "ಬಂತು" ಎನ್ನುವವರೆಗೆ ಅವರು ಕೈ ಬಿಡುತ್ತಿರಲಿಲ್ಲ. ಅದು ಹತ್ತು ಸಾವಿರ ರೂಪಾಯಿಯ ಉಪಕರಣವಾಗಲಿ, ಒಂದು ಲೋಟ ಕಾಫಿಯಾಗಲಿ. ಮೊದಲ ಸಲ ಅವರ ಮನೆಯಲ್ಲಿ ಕಾಫಿ ಕೊಟ್ಟಾಗ ಲೋಟದ ಒಂದು ಕಡೆ ನಾನು, ಇನ್ನೊಂದು ಕಡೆ ಅವರು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆವು. ಅವರ ಹೆಂಡತಿ ಒಳಗಿನಿಂದಲೇ, "ಬಂತು ಅನ್ನಿ ಸಾರ್, ಇಲ್ಲಾಂದ್ರೆ ಸಂಜೆವರೆಗೂ ಬಿಡಲ್ಲ" ಎಂದರು.

ಟೂಲ್ ಸ್ಟೋರಿನ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅದು ತಿಳಿಯದೆ ಈ ಮನುಷ್ಯ ತಿಳಿಯುವುದಿಲ್ಲ. ಪ್ರತಿ ಕೆಲಸಗಾರನಿಗೂ ಅವನ ನಂಬರು ಒತ್ತಿದ ಐದಾರು ಹಿತ್ತಾಳೆ ಬಿಲ್ಲೆಗಳನ್ನು ಕೊಟ್ಟಿರುತ್ತಾರೆ. ಸ್ಟೋರಿನಿಂದ ಮೈಕ್ರೊಮೀಟರೋ ಡ್ರಿಲ್ಲೋ ಬೇಕಾದರೆ ಒಂದು ಬಿಲ್ಲೆ ಕೊಡಬೇಕು. ಉಪಕರಣ ಇದ್ದ ಜಾಗದ ಮೊಳೆಗೆ ಆ ಬಿಲ್ಲೆಯನ್ನು ನೇತುಹಾಕುತ್ತಾರೆ. ಉಪಕರಣ ವಾಪಸು ಬಂದರೆ ಬಿಲ್ಲೆಯೂ ವಾಪಸು. ಮಧ್ಯೆ ಅದು ಮುರಿದರೆ, ಕಳೆದರೆ, ಪಕ್ಕದವನು ಎತ್ತಿಕೊಂಡು ಹೋಗಿ ಬೀಳಿಸಿದರೂ ಸರಿ, ಮೊಳೆಯ ಮೇಲೆ ಯಾರ ಬಿಲ್ಲೆ ಇದೆಯೋ ಅವನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.

ಒಮ್ಮೆ ಟರ್ನರ್ ಒಬ್ಬ ತುದಿ ಮುರಿದ ಗೇಜು ತಂದು, "ಇದು ನಾನಲ್ಲ ಗುರು, ಫೋರ್ಮನ್ನು ಕೆಳಗೆ ಹಾಕಿದ್ದು" ಎಂದನಂತೆ.

"ಬಿಲ್ಲೆ ಫೋರ್ಮನ್ದಾ?"

"ಅಲ್ಲ, ನಂದೇ."

"ಮತ್ತೆ ಅವನ ಸುದ್ದಿ ನಂಗ್ಯಾಕೆ ಹೇಳ್ತೀಯಾ?"

ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ಅವರಿಗೆ ಲೋಕವೆಲ್ಲ ಹೀಗೇ ಕಾಣುತ್ತಿತ್ತು. ನಲ್ಲಿ ಸೋರುತ್ತಿದ್ದರೆ, ರಸ್ತೆಯಲ್ಲಿ ಗುಂಡಿ ಬಿದ್ದಿದ್ದರೆ, ಮದುವೆ ಮನೆಯಲ್ಲಿ ಸಾರು ಸಾಲದಿದ್ದರೆ ಅವರ ಪ್ರಶ್ನೆ ಒಂದೇ: "ಬಿಲ್ಲೆ ಯಾರದು?"

ಕಾರ್ಖಾನೆಯ ಹಿಂಭಾಗದಲ್ಲಿ, ಲೇತುಗಳಿಂದ ಬೀಳುವ ಕಬ್ಬಿಣದ ಚೂರುಗಳನ್ನು ರಾಶಿ ಹಾಕುವ ಶೆಡ್ಡಿನ ಪಕ್ಕ ಒಂದು ಹೆಣ್ಣು ನಾಯಿ ಸೇರಿಕೊಂಡಿತ್ತು. ಅದನ್ನು ನಾನು ನೋಡಿಲ್ಲ. ಅವರೂ ಅವರ ಜೊತೆಯವರೂ ಹೇಳಿದ್ದನ್ನು ಬರೆಯುತ್ತಿದ್ದೇನೆ. ಮೊದಲ ಶಿಫ್ಟಿನವರು ಅದನ್ನು ರಾಣಿ ಎನ್ನುತ್ತಿದ್ದರು, ಎರಡನೆಯ ಶಿಫ್ಟಿನವರು ಮಣಿ ಎನ್ನುತ್ತಿದ್ದರು, ಗೇಟಿನ ಸೆಕ್ಯೂರಿಟಿಯವರಿಗೆ ಅದು ಟೈಗರ್. ಎಲ್ಲ ಹೆಸರಿಗೂ ಬಾಲ ಆಡಿಸುತ್ತಿತ್ತಂತೆ. ಎಲ್ಲರೂ ಬನ್ನು, ಅನ್ನ, ಮುದ್ದೆ ಹಾಕುತ್ತಿದ್ದರು. ಆಗ ಆಡಳಿತದವರು ಒಂದು ನೋಟಿಸು ಹಾಕಿದರು. ಆವರಣದಲ್ಲಿರುವ, ವಾರಸುದಾರರಿಲ್ಲದ ನಾಯಿಗಳನ್ನು ಹಿಡಿದು ಸಾಗಿಸಲಾಗುವುದು. ಸಾಗಿಸುವುದು ಎಂದರೆ ಖಾಲಿ ಲಾರಿಗೆ ಹತ್ತಿಸಿ ನೆಲಮಂಗಲದ ಆಚೆ ಎಲ್ಲೋ ಇಳಿಸಿ ಬರುವುದು.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸ್ಟೋರಣ್ಣ ಕ್ಯಾಂಟೀನಿನಲ್ಲಿ ಎದ್ದು ನಿಂತು, ವಾರಸುದಾರರು ಬೇಕಂತೆ, ಯಾರು ಬರ್ತೀರಿ ಎಂದು ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾಯಿ ಎಲ್ಲರದೂ ಕಣ್ಣ" ಎಂದ ಒಬ್ಬ. ಸ್ಟೋರಿನಲ್ಲಿ ಎಲ್ಲರದೂ ಎಂಬ ಮೊಳೆ ಇರಲಿಲ್ಲ. ಅವರು ಸ್ಟೋರಿಗೆ ಬರುವ ಮೊದಲು ಫಿಟರ್ ಆಗಿದ್ದವರು. ಆ ಕಾಲದ ತಮ್ಮ ಬಿಲ್ಲೆಯೊಂದನ್ನು ತಾಮ್ರದ ತಂತಿಯಲ್ಲಿ ಪೋಣಿಸಿ ನಾಯಿಯ ಕತ್ತಿಗೆ ಕಟ್ಟಿದರು. ಅಂದಿನಿಂದ ಸಂಬಳದ ದಿನ ಕ್ಯಾಂಟೀನಿನವನಿಗೆ ಮೂರು ರೂಪಾಯಿ ಕೊಟ್ಟು, ಉಳಿದ ಅನ್ನ ತೆಗೆದಿಡುವಂತೆ ಗೊತ್ತು ಮಾಡಿದರು. ಒಂದು ಅಲ್ಯೂಮಿನಿಯಂ ತಟ್ಟೆ ತಂದರು. ಉಳಿದವರು ತಮಗೆ ತೋಚಿದಾಗ ಬನ್ನು ಹಾಕುವುದನ್ನು ಮುಂದುವರಿಸಿದರು.

ಹೀಗೆ ಒಂದು ವರ್ಷ ನಡೆಯಿತು. ಒಂದು ಸೋಮವಾರ ಆ ನಾಯಿ ಮುನಿತಾಯಮ್ಮ ಎಂಬವರ ಮುಂಗೈಗೆ ಕಚ್ಚಿತು.

ಮುನಿತಾಯಮ್ಮ ಕಂಟ್ರಾಕ್ಟರ ಕಡೆಯ ದಿನಗೂಲಿ ಹೆಂಗಸು. ಕಬ್ಬಿಣದ ಚೂರು ಬಾಚಿ ಬುಟ್ಟಿಯಲ್ಲಿ ಹೊತ್ತು ಹಾಕುವುದು ಅವರ ಕೆಲಸ. ನಲವತ್ತು ದಾಟಿದ್ದ ವಿಧವೆ. ದಾಸರಹಳ್ಳಿಯ ಹಿಂದಿನ ಒಂದು ಹಳ್ಳಿಯಲ್ಲಿ ಗಂಡನ ಅಣ್ಣನ ಮನೆಯಲ್ಲಿದ್ದರು. ದಿನಕ್ಕೆ ಐದು ರೂಪಾಯಿ ಕೂಲಿ. ಬಂದ ದಿನ ಉಂಟು, ಬಾರದ ದಿನ ಇಲ್ಲ. ಕಾಯಂ ಕೆಲಸಗಾರರಿಗಿದ್ದ ಇ.ಎಸ್.ಐ. ಅವರಿಗಿರಲಿಲ್ಲ. ಚೂರು ಬಾಚಲು ಹೋದಾಗ ನಾಯಿ ಹಾರಿ ಕಚ್ಚಿತು ಎಂದು ಅವರು ಹೇಳಿದರು. ನಾಯಿ ಎರಡು ದಿನದಿಂದ ಮೂಲೆ ಹಿಡಿದು ಮಲಗಿತ್ತು, ಜೊಲ್ಲು ಸುರಿಸುತ್ತಿತ್ತು ಎಂದು ಆಮೇಲೆ ಬಹಳ ಜನಕ್ಕೆ ನೆನಪಾಯಿತು. ಸೆಕ್ಯೂರಿಟಿಯವರೂ ಇಬ್ಬರು ಹೆಲ್ಪರುಗಳೂ ಸೇರಿ ಕಬ್ಬಿಣದ ರಾಡಿನಿಂದ ಅದನ್ನು ಅಲ್ಲೇ ಹೊಡೆದು ಹಾಕಿದರು. ಸ್ಟೋರಣ್ಣ ಒಳಗೆ ಸ್ಟಾಕು ಎಣಿಸುತ್ತಿದ್ದರು. ಗದ್ದಲ ಕೇಳಿ ಹೊರಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಅವರೇ ಮುನಿತಾಯಮ್ಮನನ್ನು ಸಿಟಿ ಬಸ್ಸಿನಲ್ಲಿ ಊರೊಳಗಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಗಾಯ ನೋಡಿದ ಮೇಲೆ ಕೇಳಿದ ಮೊದಲ ಮಾತು, "ನಾಯಿ ಎಲ್ಲಿದೆ?"

"ಹೊಡೆದು ಹಾಕಿದ್ರು ಸಾರ್."

"ಯಾರ್ರೀ ಹೇಳಿದ್ದು ಹೊಡೀರಿ ಅಂತ? ಕಟ್ಟಿ ಹಾಕಿ ಹತ್ತು ದಿನ ನೋಡಬೇಕಿತ್ತು. ಬದುಕಿದ್ರೆ ಸೂಜಿ ನಿಲ್ಲಿಸಬಹುದಿತ್ತು. ಈಗ ಹದಿನಾಲ್ಕೂ ಹಾಕಿಸಲೇಬೇಕು. ದಿನಾ ಒಂದು. ತಪ್ಪಿಸೋ ಹಾಗಿಲ್ಲ. ಆ ಕಾಯಿಲೆ ಬಂದ್ರೆ ಉಳಿಸೋಕೆ ನಮ್ಮ ಹತ್ರ ಏನೂ ಇಲ್ಲ."

ಸೂಜಿ ಹೊಟ್ಟೆಗೆ ಎಂದು ತಿಳಿದಾಗ ಮುನಿತಾಯಮ್ಮ ಎದ್ದು ನಿಂತರು. "ಕಚ್ಚಿದ್ದು ಕೈಗೆ ಕಣಪ್ಪ, ಒಟ್ಟೆಗ್ಯಾಕೆ ಚುಚ್ತೀಯಾ? ನಮ್ಮೂರಲ್ಲಿ ಸೊಪ್ಪು ಅರೆದು ಕೊಡೋನವ್ನೆ, ನಾನು ಅಲ್ಲೋಗ್ತೀನಿ."

ಮೊದಲ ಸೂಜಿ ಹೇಗೋ ಆಯಿತು. ಹೊರಗೆ ಬಂದ ಮೇಲೆ ಅವರು ಸ್ಟೋರಣ್ಣನಿಗೆ ಸ್ಪಷ್ಟವಾಗಿ ಹೇಳಿದರು. ಸೂಜಿ ಪುಕ್ಕಟೆ ಇರಬಹುದು, ದಿನ ಪುಕ್ಕಟೆ ಅಲ್ಲ. ಹದಿನಾಲ್ಕು ದಿನ ಬಸ್ಸು ಹತ್ತಿ ಇಲ್ಲಿಗೆ ಬಂದರೆ ಹದಿನಾಲ್ಕು ದಿನದ ಕೂಲಿ ಹೋಯಿತು, ಕಂಟ್ರಾಕ್ಟರು ಬೇರೆಯವಳನ್ನು ಇಟ್ಟುಕೊಳ್ಳುತ್ತಾನೆ. ಅದಕ್ಕಿಂತ ಸೊಪ್ಪಿನವನೇ ವಾಸಿ.

ಸ್ಟೋರಣ್ಣ ಅಲ್ಲೇ ಒಪ್ಪಂದ ಮಾಡಿಕೊಂಡರು. ಕೂಲಿ ಅವರು ಕೊಡುತ್ತಾರೆ, ಬಸ್ ಚಾರ್ಜು ಅವರದು, ಕಂಟ್ರಾಕ್ಟರ ಹತ್ತಿರ ಮಾತಾಡಿ ಕೆಲಸ ಉಳಿಸುವುದೂ ಅವರದು. ಷರತ್ತು ಒಂದೇ. ದುಡ್ಡು ಆಸ್ಪತ್ರೆಯ ಗೇಟಿನಲ್ಲಿ, ಸೂಜಿ ಹಾಕಿಸಿಕೊಂಡ ಮೇಲೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವರು ಮತ್ತೆ ಕ್ಯಾಂಟೀನಿನಲ್ಲಿ ಎದ್ದು ನಿಂತರು. ನಾಯಿಗೆ ತಿನ್ನಲು ಹಾಕಿದವರು ಎಷ್ಟು ಜನ, ಕೈ ಎತ್ತಿ ಎಂದರು. ಯಾರೂ ಎತ್ತಲಿಲ್ಲ. ದಿನಾ ಬೆಳಗ್ಗೆ ನಾಯಿಯ ಜೊತೆ ಮಾತಾಡಿಯೇ ಮೆಶಿನ್ನಿಗೆ ಹೋಗುತ್ತಿದ್ದ ಒಬ್ಬ ಟರ್ನರ್ ಮಾತ್ರ, "ಗುರು, ನಾನು ಹಾಕಿದ್ದು ಬನ್ನು. ಕಚ್ಚು ಅಂತ ನಾನು ಹೇಳಿದ್ನಾ?" ಎಂದ. ಎಲ್ಲರೂ ನಕ್ಕರು. ಯೂನಿಯನ್ನಿನವರು, ಆಕೆ ಕಂಟ್ರಾಕ್ಟ್ ಕೆಲಸಗಾರ್ತಿ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಕಂಟ್ರಾಕ್ಟರ ಕಡೆಯವರು, ಕಚ್ಚಿದ್ದು ಗೇಟಿನ ಹೊರಗೆ, ರಸ್ತೆಯಲ್ಲಿ ಎನ್ನತೊಡಗಿದರು.

ನಾನು ಈ ಕಥೆಯೊಳಗೆ ಬರುವುದು ಇಲ್ಲಿ, ಒಂದು ತಪ್ಪಿನ ಮೂಲಕ. ನಾನಾಗ ಒಂದು ದಿನಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದ ವರದಿಗಾರ. ಪೀಣ್ಯದಲ್ಲಿ ಹೆಂಗಸೊಬ್ಬಳಿಗೆ ಹುಚ್ಚುನಾಯಿ ಕಚ್ಚಿದೆ ಎಂದು ಕಂಟ್ರಾಕ್ಟರ ಕಡೆಯ ಒಬ್ಬರು ಫೋನಿನಲ್ಲಿ ತಿಳಿಸಿದರು. ನಾಲ್ಕು ಸಾಲು ಬರೆದೆ. ಕೆಲಸದಿಂದ ಮನೆಗೆ ಹೋಗುತ್ತಿದ್ದಾಗ ಬೀದಿ ನಾಯಿ ಕಚ್ಚಿತು ಎಂದು ಬರೆದೆ. ಯಾರ ನಾಯಿ ಎಂದು ಕೇಳಲಿಲ್ಲ. ಯಾವ ಜಾಗದಲ್ಲಿ ಎಂದು ಇನ್ನೊಬ್ಬರಿಂದ ಖಚಿತ ಮಾಡಿಕೊಳ್ಳಲಿಲ್ಲ. ಸುದ್ದಿ ಮುನಿತಾಯಮ್ಮನ ಹೆಸರಿನ ಸಮೇತ ನಾಲ್ಕನೆಯ ದಿನ ಪ್ರಕಟವಾಯಿತು.

ಆರನೆಯ ದಿನ ಮಧ್ಯಾಹ್ನ ಅವರು ಕಚೇರಿಗೆ ಬಂದರು. ಪತ್ರಿಕೆಯ ಆ ತುಂಡನ್ನು ಮಡಿಸಿ ಸ್ಕೇಲಿನ ಜೊತೆ ಜೇಬಿನಲ್ಲಿ ಇಟ್ಟುಕೊಂಡಿದ್ದರು.

"ಸಾರ್, ಇದು ಬರೆದೋರು ಯಾರು?"

"ನಾನೇ. ಏನು ತಪ್ಪಾಗಿದೆ?"

"ಬೀದಿ ನಾಯಿ ಅಂತ ಹಾಕಿದ್ದೀರಿ. ಅದು ನನ್ನ ನಾಯಿ."

ನಾಯಿಯ ಮರ್ಯಾದೆಗಾಗಿ ಬಂದಿರಬೇಕು ಎಂದುಕೊಂಡು ನಗು ತಡೆದುಕೊಂಡೆ. ಅವರು ನಿಧಾನವಾಗಿ ಉಳಿದದ್ದನ್ನು ಹೇಳಿದರು. ಮುನಿತಾಯಮ್ಮನ ಭಾವ ಕ್ಷೌರದಂಗಡಿಯಲ್ಲಿ ಆ ಸುದ್ದಿ ಓದಿದ್ದ. ಬೀದಿ ನಾಯಿ ಕಚ್ಚಿದ್ದಕ್ಕೆ ಕಾರ್ಖಾನೆಯ ಗಂಡಸೊಬ್ಬ ದಿನಾ ಇವಳಿಗೆ ದುಡ್ಡು ಕೊಡುವುದೇಕೆ ಎಂದು ಅಲ್ಲಿದ್ದ ನಾಲ್ಕು ಜನ ಕೇಳಿದ್ದರು. ಆ ಪ್ರಶ್ನೆ ಮನೆಗೆ ಬಂದಿತ್ತು. ನಾಯಿ ನನ್ನದು ಎಂದು ಸ್ಟೋರಣ್ಣ ಹೋಗಿ ಹೇಳಿದರೆ, ಪೇಪರಿನಲ್ಲಿ ಬೀದಿ ನಾಯಿ ಅಂತ ಬಂದಿದೆ, ನೀನು ಸುಳ್ಳು ಹೇಳುತ್ತೀಯಾ ಎಂದು ಭಾವ ಬಾಗಿಲಲ್ಲೇ ನಿಲ್ಲಿಸಿದ್ದ. ಆ ದಿನ ಬೆಳಗ್ಗೆ ಮುನಿತಾಯಮ್ಮ ಆಸ್ಪತ್ರೆಗೆ ಬಂದಿರಲಿಲ್ಲ. ಆಗಿದ್ದದ್ದು ಐದು ಸೂಜಿ.

"ನಿಮ್ಮ ನಾಲ್ಕು ಸಾಲಿಂದ ಆ ಯಮ್ಮನ ಪ್ರಾಣ ಹೋಗುತ್ತೆ ಸಾರ್" ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. "ನಾಳೆ ಬೆಳಗ್ಗೆ ಬರೋ ಹಾಗೆ ಆಗುತ್ತಾ?" ಎಂದಷ್ಟೇ ಕೇಳಿದರು.

ನಮ್ಮ ಸುದ್ದಿ ಸಂಪಾದಕರು ಕನ್ನಡಕದ ಮೇಲಿನಿಂದ ನೋಡಿದರು. "ನಾಯಿಗೂ ತಿದ್ದುಪಡಿನಾ? ನಾಳೆ ಎಮ್ಮೆ ಬಂದು ನಿಲ್ಲುತ್ತೆ ಕಣಯ್ಯಾ."

ನಾನು ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ತಪ್ಪಾಗಿದೆಯೋ ಇಲ್ವೋ?"

"ಆಗಿದೆ ಸಾರ್. ಯಾರ ನಾಯಿ ಅಂತ ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

ಉತ್ತರಕ್ಕೆ ಕಾಯದೆ ಅವರು ಪೆನ್ನು ಮತ್ತೆ ಎತ್ತಿಕೊಂಡರು.

"ಹಾಕು. ಎರಡೇ ವಾಕ್ಯ. ವಿಷಾದ ಗಿಷಾದ ಬೇಡ, ಜಾಗ ಇಲ್ಲ."

ಹೊರಗೆ ಬಂದು, ನಿಮ್ಮ ಹೆಸರು ಹಾಕುವುದು ಬೇಡ, ಕಂಪನಿಯವರು ನೋಡಿದರೆ ನಿಮಗೆ ತೊಂದರೆ ಎಂದು ನಾನು ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಇನ್ನೂರು ಜನರಿದ್ದಾರೆ, ಒಬ್ಬ ನೌಕರ ಎಂದು ಹಾಕಿದರೆ ಯಾರೂ ಅಲ್ಲ ಎಂದಾಗುತ್ತದೆ ಎಂದರು. ನಾನು ಬರೆದ ಎರಡು ವಾಕ್ಯ ಹೀಗಿದ್ದವು: ಮಹಿಳೆಗೆ ಕಚ್ಚಿದ್ದು ಬೀದಿ ನಾಯಿ ಎಂದು ಪ್ರಕಟವಾಗಿರುವುದು ತಪ್ಪು. ಅದು ಕಾರ್ಖಾನೆಯ ಆವರಣದಲ್ಲಿದ್ದ, ಅಲ್ಲಿನ ಟೂಲ್ ಸ್ಟೋರಿನ ಇಂತಹವರಿಗೆ ಸೇರಿದ ಸಾಕುನಾಯಿ. ಇಂತಹವರು ಎಂಬಲ್ಲಿ ಅವರ ಹೆಸರಿತ್ತು. ಈ ಬರಹದಲ್ಲಿ ಅದನ್ನು ಹಾಕುತ್ತಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಬರಲಿ ಎಂದು ಅವರು ಕೇಳಿದ್ದು ಆ ಒಂದೇ ಸಲ.

ಮರುದಿನ ಬೆಳಗ್ಗೆ ನಾನೂ ಪತ್ರಿಕೆ ಹಿಡಿದುಕೊಂಡು ಅವರ ಜೊತೆ ಆ ಹಳ್ಳಿಗೆ ಹೋದೆ. ಭಾವ ಕ್ಷೌರದಂಗಡಿಯ ಮುಂದಿನ ಬೆಂಚಿನ ಮೇಲಿದ್ದ. ಕಾರ್ಖಾನೆಗಳಿಗೆ ಹೋದ ಜಮೀನಿನ ದುಡ್ಡಿನಲ್ಲಿ ಹೊಸ ಮನೆ ಕಟ್ಟಿದ್ದವ, ಮಾತಿಗೆ ಬೆಲೆ ಇದ್ದವ. ಎರಡು ವಾಕ್ಯವನ್ನು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದ. ಅಂಗಡಿಯವನು ಕತ್ತರಿ ನಿಲ್ಲಿಸಿ ಕೇಳಿಸಿಕೊಂಡ.

"ಪೇಪರ್ನೋರೇ ತಪ್ಪು ಅಂತ ಬರ್ದವ್ರಲ್ಲಪ್ಪ" ಎಂದ ಭಾವ. ಆಮೇಲೆ ಸ್ಟೋರಣ್ಣನ ಕಡೆ ತಿರುಗಿ, "ನಾಯಿ ನಿಂದೇನಾ?"

"ನಂದೇ."

"ಮೊದ್ಲೇ ಏಳ್ಬಾರ್ದಾಗಿತ್ತಾ?"

"ನಿನ್ನೆ ಬಂದು ಹೇಳಿದೆನಲ್ಲ."

"ಬಾಯಲ್ಲಿ ಯಾರ್ ಬೇಕಾದ್ರೂ ಏಳ್ತಾರೆ. ಇಂಗೆ ಪೇಪರಲ್ಲಿ ಏಳ್ಬೇಕಿತ್ತು." ಎದುರಿಗಿದ್ದ ತನ್ನ ಮನೆಯ ಕಡೆ ತಿರುಗಿ ಕೂಗಿದ, "ಮುನಿತಾಯೀ, ಒರಡಮ್ಮ, ಒತ್ತಾಯ್ತು. ದುಡ್ಡು ನಾಯೀದೇ ಅಂತೆ."

ಆ ದಿನ ಬಸ್ಸಿನಲ್ಲಿ ನಾವು ಮೂವರೂ ಹೋದೆವು. ಮುನಿತಾಯಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತರು. ಯಶವಂತಪುರ ಬರುವ ಹೊತ್ತಿಗೆ ಸ್ಟೋರಣ್ಣ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದರು.

"ನಾಯಿಗೆ ಹುಚ್ಚಿನ ಸೂಜಿ ಹಾಕಿಸಬೇಕು ಅಂತ ಗೊತ್ತಿತ್ತು ಸಾರ್. ದನದ ಆಸ್ಪತ್ರೆ ಊರೊಳಗೆ. ನಾಯಿನ ಬಸ್ಸಲ್ಲಿ ಹತ್ತಿಸಲ್ಲ, ಆಟೋ ಮಾಡಬೇಕು. ಅರ್ಧ ದಿನ ರಜ. ಮೂರು ಸಲ ಸಂಬಳದ ದಿನ ಅಂದ್ಕೊಂಡೆ, ಮೂರು ಸಲಾನೂ ಮುಂದಿನ ತಿಂಗಳು ನೋಡೋಣ ಅಂದೆ. ಮನೇಲಿ ಮೇಲೆ ಶೀಟು ಹಾಕಿಸೋದಿತ್ತು."

ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

"ಅನ್ನ ಹಾಕೋದು ಖರ್ಚಲ್ಲ ಸಾರ್. ಅದು ಎಲ್ಲರೂ ಹಾಕ್ತಿದ್ರು. ನಾನು ಬಿಲ್ಲೆ ಹಾಕಿದ ಮೇಲೆ ನನ್ನ ಪಾಲಿಗೆ ಇದ್ದದ್ದು ಈ ಒಂದು ಖರ್ಚು. ಅದನ್ನೇ ಉಳಿಸಿಕೊಂಡೆ."

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ದಿನ ತಪ್ಪಿಸಿದ್ದಕ್ಕೆ ಮೂವರಿಗೂ ಸೇರಿಸಿ ಬೈದರು. ಲೆಕ್ಕದ ದಿನ ಒಂದು ಮುಂದಕ್ಕೆ ಹೋಯಿತು. ಗೇಟಿನಲ್ಲಿ ಸ್ಟೋರಣ್ಣ ಐದು ರೂಪಾಯಿಯ ನೋಟು ಕೊಟ್ಟರು. ಮುನಿತಾಯಮ್ಮ ಹಿಡಿದುಕೊಂಡರು. ಸ್ಟೋರಣ್ಣ ಬಿಡಲಿಲ್ಲ.

"ಬಂತು ಕಣಣ್ಣ, ಬಂತು. ದಿನಾ ಚೆಕ್ ಮಾಡಿ ಇಸ್ಕೊಳ್ಳೋಕೆ ನಾನೇನು ನಿಮ್ ಸ್ಟೋರಿನ ಸುತ್ತಿಗೇನಾ?"

"ಸುತ್ತಿಗೆ ಆಗಿದ್ರೆ ನಂಗೆ ಇಷ್ಟು ಭಯ ಇರ್ತಿರಲಿಲ್ಲಮ್ಮ" ಎಂದರು ಸ್ಟೋರಣ್ಣ. ಅವರು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ. ಆಗಲೂ ನಗಲಿಲ್ಲ.

ದುಡ್ಡು ಎಲ್ಲಿಂದ ಬಂತು ಎಂದು ನನಗೆ ತಿಳಿದದ್ದು ಅವರ ಹೆಂಡತಿಯಿಂದ. ಮನೆಗೆ ಶೀಟು ಹಾಕಿಸಲೆಂದು ಕಟ್ಟುತ್ತಿದ್ದ ಚೀಟಿಯನ್ನು ಅವಧಿಗೆ ಮೊದಲೇ ಕೂಗಿ, ಬಹಳಷ್ಟು ಕಳೆದುಕೊಂಡು ಎತ್ತಿದ್ದರು. ಕೂಲಿಯ ದುಡ್ಡಷ್ಟೇ ಅಲ್ಲ, ದಿನಾ ಬೆಳಗ್ಗೆ ಆಸ್ಪತ್ರೆಗೆ ಹೋಗಿ ತಡವಾಗಿ ಗೇಟು ಸೇರುತ್ತಿದ್ದರಿಂದ ಅವರ ಅರ್ಧ ದಿನದ ಸಂಬಳವೂ ಹೋಗುತ್ತಿತ್ತು. ಅಡುಗೆಮನೆಯ ಮೇಲೆ ಆ ಮಳೆಗಾಲವೂ ತೆಂಗಿನ ಗರಿ, ಟಾರ್ಪಾಲಿನ್. "ಬದುಕಿದ್ದಾಗ ಒಂದಿನ ಮನೆಗೆ ಕರ್ಕೊಂಡು ಬರಲಿಲ್ಲ" ಎಂದರು ಆಕೆ. "ಸತ್ತ ಮೇಲೆ ತಂದು ಮನೆ ಮಧ್ಯೆ ಕೂರಿಸಿದ್ರು." ಬೇಸರದಿಂದಲೇ ಹೇಳಿದರು. ಆದರೆ ನಿಲ್ಲಿಸಿ ಎಂದು ತಾನು ಹೇಳಲಿಲ್ಲ ಎಂದೂ ಸೇರಿಸಿದರು.

ಕಂಪನಿಯವರು ತಿದ್ದುಪಡಿಯನ್ನು ಓದಿದರು. ನಿಯಮಕ್ಕೆ ವಿರುದ್ಧವಾಗಿ ಆವರಣದೊಳಗೆ ಪ್ರಾಣಿ ಸಾಕಿದ್ದಕ್ಕೆ ವಿವರಣೆ ಕೇಳಿ ಮೆಮೊ ಬಂತು. ಕತ್ತಿಗೆ ಬಿಲ್ಲೆ ಕಟ್ಟಿದ ನಾಯಿ ಒಂದು ವರ್ಷ ಅದೇ ಆವರಣದಲ್ಲಿ ಎಲ್ಲರ ಕಣ್ಣೆದುರು ಓಡಾಡಿಕೊಂಡಿತ್ತು ಎಂಬುದು ವಿಚಾರಣೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವರು ಬರೆದುಕೊಟ್ಟ ವಿವರಣೆ ಒಂದೇ ಸಾಲು: ಸಾಕಿದ್ದು ನಿಜ. ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು. ಮುಂದಿನ ವರ್ಷ ಅವರಿಗೆ ಸಿಗಬೇಕಿದ್ದ ಸೂಪರ್‌ವೈಸರ್ ಜಾಗಕ್ಕೆ ಅವರಿಗಿಂತ ಕಿರಿಯರೊಬ್ಬರು ಬಂದರು. ನಾನು ಈ ಬಗ್ಗೆ ಬೇಸರ ತೋಡಿಕೊಂಡಾಗ, "ಅದೂ ನಾಯಿ ಖರ್ಚೇ ಸಾರ್. ಕೊಳ್ಳೋವಾಗ ಬೆಲೆ ಗೊತ್ತಿರಲಿಲ್ಲ, ಅಷ್ಟೆ" ಎಂದರು. ನನ್ನ ತಪ್ಪಿನ ಮಾತನ್ನು ಅವರು ಎಂದೂ ಎತ್ತಲಿಲ್ಲ. ನಾನೇ ಒಮ್ಮೆ ಎತ್ತಿದೆ. "ನಿಮ್ಮದು ನೀವು ಸರಿ ಮಾಡಿದ್ರಲ್ಲ" ಎಂದು ಮುಗಿಸಿದರು.

ಆಮೇಲೆ ನಮ್ಮ ಪರಿಚಯ ಉಳಿದುಕೊಂಡಿತು. ಎಂಬತ್ತರ ದಶಕದ ನಡುವೆ ನನ್ನ ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಾಗ, ಅದೇ ವಾರ ಅವರು ಮನೆಗೆ ಬಂದರು. ವಿಷಯ ತಿಳಿದು ಕುರ್ಚಿಯ ತುದಿಗೆ ಸರಿದು ಕುಳಿತರು.

"ವರ್ಷದ ಸೂಜಿಗೆ ಎಷ್ಟಾಗುತ್ತೆ, ವಿಚಾರಿಸಿದ್ದೀರಾ?"

"ಇಲ್ಲ."

"ನೀವು ಊರಿಗೆ ಹೋದ್ರೆ ಯಾರು ನೋಡ್ಕೋತಾರೆ?"

"ಪಕ್ಕದ ಮನೆಯವರು ನೋಡ್ಕೋತಾರೆ" ಎಂದಳು ನನ್ನ ಹೆಂಡತಿ.

"ಅವರಿಗೆ ಏನು ಕೊಡ್ತೀರಿ? ಪುಕ್ಕಟೆ ನೋಡ್ಕೊಂಡ್ರೆ ಎರಡನೇ ಸಲ ಬಾಗಿಲು ತೆಗೆಯಲ್ಲ. ಹೋಗಲಿ, ಯಾರಿಗಾದ್ರೂ ಕಚ್ಚಿದ್ರೆ ಹದಿನಾಲ್ಕು ದಿನದ ದುಡ್ಡು ಈಗ ಮನೇಲಿದೆಯಾ?"

ನನ್ನ ಹೆಂಡತಿಗೆ ಸಿಟ್ಟು ಬಂತು. "ಅಣ್ಣಾ, ಮಗು ಕೇಳಿದ್ದು ನಾಯಿಮರಿ. ನೀವು ಹುಲಿ ತರೋ ಹಾಗೆ ಮಾತಾಡ್ತೀರಿ."

"ಹುಲಿಗೆ ಬೋನಿರುತ್ತಮ್ಮ" ಎಂದರು.

ಅವರ ಮಾತಿನಂತೆ ಮೊದಲು ಪೋಸ್ಟಾಫೀಸಿನಲ್ಲಿ ತಿಂಗಳು ತಿಂಗಳು ಕಟ್ಟುವ ಖಾತೆ ತೆರೆದೆವು. ಆರು ತಿಂಗಳು ಕಟ್ಟಿದ ಮೇಲೆ ಮರಿ ತಂದೆವು. ಅದಕ್ಕೆ ಸೂಜಿ ಹಾಕಿಸುವ ದಿನ ಅವರು ದಾಸರಹಳ್ಳಿಯ ತಮ್ಮ ಮನೆಯಿಂದ ಬಂದು ಜೊತೆಗೆ ನಿಂತರು, ಚೀಟಿಯ ಮೇಲೆ ತಾರೀಖು ಸರಿಯಾಗಿ ಬರೆದಿದ್ದಾರೆಯೇ ಎಂದು ಎರಡು ಸಲ ನೋಡಿದರು. ಮರಿಯನ್ನು ಮಾತ್ರ ಮುಟ್ಟಲಿಲ್ಲ. ಅದು ಅವರ ಕಾಲಿನ ಹತ್ತಿರ ಬಂದು ಮೂಸಿದಾಗ ಕಾಲು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವರು ಮತ್ತೆ ನಾಯಿ ಸಾಕಲಿಲ್ಲ. ಕಾರಣ ನಾನು ಕೇಳಲಿಲ್ಲ.

ಇದೆಲ್ಲ ಆಮೇಲಿನದು. ಅವರು ಹೋದ ಸುದ್ದಿ ಕೇಳಿದಾಗಿನಿಂದ ನನ್ನ ಕಣ್ಣ ಮುಂದೆ ಇರುವುದು ಕೊನೆಯ ಸೂಜಿಯ ದಿನ. ಅಂದೂ ನಾನು ಆಸ್ಪತ್ರೆಗೆ ಹೋಗಿದ್ದೆ. ಸುದ್ದಿಯ ಕೊನೆ ನೋಡಬೇಕಿತ್ತು.

ಹತ್ತು ಗಂಟೆಯ ಸುಮಾರಿಗೆ ಮುನಿತಾಯಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತರು. ಹದಿನಾಲ್ಕು ಮುಗಿದವು, ಇನ್ನು ಬರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಸ್ಟೋರಣ್ಣ ಎಂದಿನಂತೆ ಐದು ರೂಪಾಯಿಯ ನೋಟು ತೆಗೆದು ಚಾಚಿದರು.

ಮುನಿತಾಯಮ್ಮ ಕೈ ನೀಡಲಿಲ್ಲ. "ಇವತ್ತಿಂದು ಬ್ಯಾಡ ಸ್ಟೋರಣ್ಣ."

"ಯಾಕಮ್ಮ? ಮಾತಾಗಿದೆ. ತಗೋ."

"ನಾನಾಡಿದ್ ಮಾತೇ ಸುಳ್ಳು, ಅದ್ಕೇ ಬ್ಯಾಡ ಅಂತಿರೋದು." ಅವರು ನನ್ನ ಕಡೆ ಒಮ್ಮೆ ನೋಡಿದರು. ಪೇಪರಿನವನ ಮುಂದೆ ಹೇಳಬೇಕೋ ಬೇಡವೋ ಎಂದು ಯೋಚಿಸಿದಂತಿತ್ತು. ಆಮೇಲೆ ಹೇಳಿದರು. "ಅವತ್ತು ನಾನು ಚೂರು ಬಾಚೋಕೆ ಓಗಿರ್ಲಿಲ್ಲ. ಎಲ್ಡು ದಿನದಿಂದ ಅದು ಏನೂ ಮುಟ್ಟಿರ್ಲಿಲ್ಲ. ನನ್ ಮುದ್ದೇಲಿ ಅರ್ಧ ಮುರ್ದು, ಬಾಯಿ ತಾವ್ಕೇ ಇಡಿದೆ. ಬಾಯಿಗೇ ಕೈ ಕೊಟ್ರೆ ಅದೇನ್ ಮಾಡುತ್ತೆ? ಇಂಗೆ ಅಂದ್ರೆ ನೀನೇ ತಂದ್ಕೊಂಡಿದ್ದು ಅಂತ ದುಡ್ಡು ನಿಲ್ಲಿಸ್ತೀಯಾ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ. ನಾನೂವೆ ಒಂದೊರ್ಸ ಅದುಕ್ಕೆ ಆಕಿವ್ನಿ ಕಣಣ್ಣ. ಎಲ್ಲಾ ದಿನದ್ದು ಕೊಡೋ ಶಕ್ತಿ ನಂಗಿಲ್ಲ. ಒಂದ್ ದಿನದ್ದು ನಂದು."

ಸ್ಟೋರಣ್ಣ ನೋಟನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಅವರು ಒತ್ತಾಯ ಮಾಡಬಹುದು ಎಂದು ನಾನು ಎಣಿಸಿದೆ. ಮಾಡಲಿಲ್ಲ. ನೋಟನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿದರು.

"ಗೊತ್ತಿತ್ತಮ್ಮ" ಎಂದರು. "ನಿನ್ನ ಬುತ್ತಿ ಡಬ್ಬಿ ನಾಯಿ ಪಕ್ಕದಲ್ಲೇ ಬಿದ್ದಿತ್ತು. ಬಿಸಿನೀರಲ್ಲಿ ತೊಳೆಸಿ ಸ್ಟೋರಲ್ಲಿ ಇಟ್ಟಿದ್ದೀನಿ. ನಾಳೆ ಕೆಲಸಕ್ಕೆ ಬಂದಾಗ ತಗೊಂಡು ಹೋಗು."